ಎರಡು ಒತ್ತು

ಇಸ್ತ್ರಿ ಅಂಗಡಿಯ ಮೆಟ್ಟಿಲ ಬುಡದಲ್ಲಿ ನಿಂತು ಮೀಸೆ ಸಾಹೇಬ ಆಯಾಳ ಚೀಲವನ್ನು ತಲೆಕೆಳಗು ಮಾಡಿ ಕೊಡವಿದ. ಒಂದು ಬಾಚಣಿಗೆ ಬಿತ್ತು, ಮಗುವಿನ ಕಾಲುಚೀಲ ಬಿತ್ತು, ಗಿಲಿಕೆ ಬಿತ್ತು. ಕೊನೆಗೆ ನಿದ್ದೆ ಮಾತ್ರೆಯ ಪಟ್ಟಿಯೊಂದು ಬಿತ್ತು. ಅದನ್ನು ಕಂಡದ್ದೇ ತಡ, ಸಾಹೇಬನ ಮೀಸೆ ಮುಖದಾಚೆಗೂ ಹರಡಿಕೊಂಡಿತು.

"ಇನ್ನೇನು ಬೇಕು ಮೇಡಂ?" ಎಂದ ನನ್ನ ಕಡೆ ತಿರುಗಿ.

ನಾನು ಇಲಾಖೆಯಲ್ಲಿದ್ದಾಗ ಇವನು ನನ್ನ ಕೈಕೆಳಗೆ ಕೆಲಸ ಕಲಿತವನು. ಈಗ ನಾನು ಖಾಸಗಿಯಾಗಿ ಪತ್ತೆ ಕೆಲಸ ಮಾಡುತ್ತೇನೆ, ಅವನು ಠಾಣೆ ನಡೆಸುತ್ತಾನೆ. ಕಲಿತದ್ದರಲ್ಲಿ ಅವಸರ ಒಂದನ್ನು ಮಾತ್ರ ಅವನು ಮರೆತಿಲ್ಲ.

ಆಯಾ ಅಳಲಿಲ್ಲ. ಮಾತ್ರೆ ತನ್ನದೇ, ಗಂಡ ತೀರಿಕೊಂಡ ಮೇಲೆ ನಿದ್ದೆ ಬರದೆ ಡಾಕ್ಟರು ಕೊಟ್ಟದ್ದು, ಮಗುವಿನ ಬಾಯಿಗೆ ಹಾಲು ಬಿಟ್ಟು ಬೇರೇನೂ ಹಾಕಿಲ್ಲ ಎಂದಳು. ಅಷ್ಟು ಹೇಳಿ ಬಗ್ಗಿ, ಬಿದ್ದಿದ್ದ ಗಿಲಿಕೆಯನ್ನು ಸೆರಗಿನಿಂದ ಒರೆಸಿ ಮೇಜಿನ ಮೇಲಿಟ್ಟಳು. ನೆಲಕ್ಕೆ ಬಿದ್ದದ್ದು ಮಗುವಿನ ಬಾಯಿಗೆ ಹೋಗಬಾರದು ಎನ್ನುವ ಎಚ್ಚರ ಆಗಲೂ ಅವಳಿಗಿತ್ತು. ನನಗೆ ಅದು ಮನಸ್ಸಿಗೆ ನಾಟಿತು.

ಮೂರು ಸಲ ಹೀಗಾಗಿದೆ. ಹತ್ತು ತಿಂಗಳ ಗುಬ್ಬಿ ಹಾಡಹಗಲೇ ಇದ್ದಕ್ಕಿದ್ದಂತೆ ಕಣ್ಣು ಮುಚ್ಚುತ್ತಾಳೆ, ಮೈ ತಣ್ಣಗಾಗಿ ಕೈಕಾಲು ಜೋತುಬೀಳುತ್ತವೆ, ಉಸಿರಾಡುವುದೇ ಮರೆತುಹೋಗುತ್ತದೆ. ಆಸ್ಪತ್ರೆ ಸೇರಿದ ಮಾರನೆಯ ದಿನ ಏನೂ ಆಗದವಳಂತೆ ನರ್ಸಮ್ಮನ ಮೂಗು ಹಿಡಿದು ನಗುತ್ತಾಳೆ. ರಕ್ತದಲ್ಲಿ ನಿದ್ದೆ ಮಾತ್ರೆಯ ಸುಳಿವಿಲ್ಲ, ಆದರೂ ಸಾಹೇಬನ ಅನುಮಾನ ಹೋಗಿಲ್ಲ. ಮೂರೂ ಸಲ ತಾಯಿ ಮನೆಯಲ್ಲಿರಲಿಲ್ಲ, ಮೂರೂ ಸಲ ಮಗು ಆಯಾಳ ತೊಡೆಯ ಮೇಲಿತ್ತು.

ಇವತ್ತು ಊಟದ ಹೊತ್ತಿಗೆ ತಾಯಿ ಗುಬ್ಬಿಯನ್ನು ಮನೆಗೆ ಕರೆತರುತ್ತಾಳೆ. ಅಷ್ಟರೊಳಗೆ ಕೆಡುಕು ಎಲ್ಲಿಂದ ಬರುತ್ತಿದೆ ಎಂದು ಗೊತ್ತಾಗಬೇಕು. ಇಲ್ಲವಾದರೆ ಮಗುವನ್ನು ನಾವೇ ಎತ್ತಿ ಅದರ ಬಾಯಿಗೆ ಕೊಟ್ಟಂತೆ. ನಾಲ್ಕನೆಯ ಸಲ ಆಸ್ಪತ್ರೆ ತಲುಪುವಷ್ಟು ಪುರುಸೊತ್ತು ಸಿಗುತ್ತದೋ ಇಲ್ಲವೋ, ಯಾರು ಕಂಡಿದ್ದಾರೆ?

"ಸ್ವಲ್ಪ ತಾಳು. ಇವಳೇನು ಓಡಿ ಹೋಗಲ್ಲ" ಎಂದೆ ಸಾಹೇಬನಿಗೆ.

ನನ್ನನ್ನು ಕಾಡುತ್ತಿದ್ದದ್ದು ಆ ತಣ್ಣನೆಯ ಮೈ. ಈ ಮನೆಯಲ್ಲಿ ತಣ್ಣಗಿರುವುದು ಸುಲಭದ ಮಾತಲ್ಲ. ಕೆಳಗೆ ಅಂಗಡಿ, ಮೇಲೆ ಮನೆ, ನಡುವೆ ಹಲಗೆ ಹಾಸು. ಹೋಟೆಲುಗಳ ಹಾಸುಬಟ್ಟೆ, ಮೇಜಿನ ಬಟ್ಟೆಗಳನ್ನು ಒಗೆದು ಇಸ್ತ್ರಿ ಮಾಡುವ ಕೆಲಸ. ಬೆಳಗಾದರೆ ಬಾಯ್ಲರು ಹೊತ್ತಿಸುತ್ತಾರೆ, ಹಬೆ ಹಲಗೆ ಸಂದಿಯಲ್ಲಿ ಏರಿ ಮೇಲಿನ ಗೋಡೆಯನ್ನೂ ಬೆವರಿಸುತ್ತದೆ. ಗೋಡೆಗೆ ಅಂಟಿಸಿದ್ದು ಯಾವುದೂ ಇಲ್ಲಿ ನಿಲ್ಲುವುದಿಲ್ಲ. ಇಂಥ ಮನೆಯಲ್ಲಿ ಒಂದು ಕೂಸು ಫ್ರಿಜ್ಜಿನಿಂದ ತೆಗೆದಂತೆ ತಣ್ಣಗಾಗುವುದೆಂದರೆ ಏನು?

ಗುಬ್ಬಿಯನ್ನು ನಾನು ನೋಡಿದ್ದು ಆಸ್ಪತ್ರೆಯಲ್ಲಿ. ಅಷ್ಟು ದೊಡ್ಡ, ಅಷ್ಟು ಕಪ್ಪು ಕಣ್ಣುಗಳನ್ನು ನಾನು ಇದುವರೆಗೆ ಕಂಡಿಲ್ಲ. ಹುಟ್ಟಿದಾಗ ಊರೆಲ್ಲ ಬಂದು ಹೊಗಳಿ ಹೋದರಂತೆ, ಮುಖಕ್ಕಿಂತ ಕಣ್ಣೇ ದೊಡ್ಡದು ಎಂದು. ಆಮೇಲೆ ತಿಳಿಯಿತು, ಅವು ದೊಡ್ಡವಾಗಿದ್ದದ್ದು ಒಳಗಿನ ಒತ್ತಡಕ್ಕೆ ಉಬ್ಬಿ. ಗ್ಲಾಕೋಮಾ. ಮುದುಕರಿಗೆ ಬರುವ ರೋಗ ಎಂದುಕೊಂಡಿದ್ದೆ ನಾನು, ಹುಟ್ಟುತ್ತಲೂ ಬರುತ್ತದಂತೆ. ಕೂಸಿಗೆ ಶಸ್ತ್ರಚಿಕಿತ್ಸೆಯಾಗಿತ್ತು, ಈಗ ಉಳಿದ ಒತ್ತಡಕ್ಕೆ ದಿನಾ ಹನಿ ಔಷಧಿ. ಮೇಲಿನ ಕೋಣೆಯಲ್ಲಿರುವ ಅಜ್ಜಿಗೂ, ಅಂದರೆ ಅಪ್ಪನ ತಾಯಿಗೂ, ಅದೇ ರೋಗ, ಅವರಿಗೂ ಹನಿ, ಆದರೆ ಬೇರೆ ಹನಿ.

ಎರಡು ಬಾಟಲಿಗಳೂ ಇರುತ್ತಿದ್ದದ್ದು ಅಂಗಡಿಯ ಮೂಲೆಯ ಫ್ರಿಜ್ಜಿನಲ್ಲಿ. ಹಬೆಗೆ ಅವುಗಳ ಚೀಟಿ ಕಳಚಿ ಬಿದ್ದು ಎಷ್ಟೋ ಕಾಲವಾಗಿದೆ. ಹಳದಿ ಮುಚ್ಚಳ ಗುಬ್ಬಿಗೆ, ನೇರಳೆ ಮುಚ್ಚಳ ಅಜ್ಜಿಗೆ. ಮನೆಯವರೆಲ್ಲರಿಗೂ ಇದು ಬಾಯಿಪಾಠ.

ಬೆಳಿಗ್ಗೆ ಬಂದವಳೇ ನಾನು ಮೊದಲು ಅಜ್ಜಿಯ ಹತ್ತಿರ ಕೂತಿದ್ದೆ. ಅಜ್ಜಿಯ ಬಾಯಿಗೆ ಹಕಾರ ಬರುವುದಿಲ್ಲ. ಹಾಲು ಅವರಿಗೆ ಆಲು, ಹಾವು ಆವು. ಒಮ್ಮೆ ಹೊಸ ಕೆಲಸದವಳಿಗೆ ಹತ್ತು ಚಾದರ ಕೊಟ್ಟು ಕಳಿಸು ಎನ್ನಲು ಹೋಗಿ "ಅತ್ತು ಚಾದರ ಕೊಟ್ಟು ಕಳ್ಸು" ಎಂದರಂತೆ. ಅವಳು, ಕೊಡ್ತೀನಿ, ಆದ್ರೆ ಅಳೋದ್ಯಾಕೆ ಎಂದು ಕೇಳಿದಳಂತೆ. ಈ ಕಥೆಯನ್ನು ಅಜ್ಜಿಯೇ ಹೇಳಿ ನಕ್ಕರು, ನಗುತ್ತ ನಗುತ್ತ ಉಬ್ಬಸ ಹತ್ತಿ ದಿಂಬಿಗೆ ಒರಗಿದರು. ಹಳೆಯ ಉಬ್ಬಸ, ಈಚೆಗೆ ಎರಡು ಮೂರು ವಾರದಿಂದ ಜಾಸ್ತಿಯಾಗಿದೆ, ಎಲ್ಲ ಈ ಹಾಳು ಹಬೆಯಿಂದ ಎಂದರು. ಗುಬ್ಬಿಗೆ ಹನಿ ಹಾಕುವುದು ಹೇಗೆ ಎಂದಾಗ, "ಎರಡೊತ್ತು ಆಕ್ಬೇಕು, ಅಷ್ಟೇಯಾ" ಎಂದಿದ್ದರು. ನಾನು ತಲೆಯಾಡಿಸಿ ಇಳಿದು ಬಂದಿದ್ದೆ.

ಈಗಲೂ ಹಲಗೆಯ ಮೇಲಿಂದ ಅವರ ಉಸಿರು ಕೇಳುತ್ತಿತ್ತು, ಸುಂಯ್ ಸುಂಯ್ ಎಂದು, ಇಸ್ತ್ರಿಪೆಟ್ಟಿಗೆಯ ಹಬೆಯ ಸದ್ದಿಗೆ ಜೊತೆಗೂಡಿ.

ಅಂಗಡಿಯಲ್ಲಿ ಇನ್ನಿಬ್ಬರು. ಗುಬ್ಬಿಯ ಅಪ್ಪ, ಪತ್ರ ಇನ್ನೂ ಅಜ್ಜಿಯ ಹೆಸರಿನಲ್ಲಿರುವ ಈ ಅಂಗಡಿಯ ಯಜಮಾನ, ಕಿಟಕಿ ಪಕ್ಕದ ಮೇಜಿನಲ್ಲಿ ಬಿಳಿ ನ್ಯಾಪ್ಕಿನ್ನುಗಳನ್ನು ಇಸ್ತ್ರಿ ಮಾಡುತ್ತಿದ್ದ. ಮಾತು ಕಡಿಮೆಯ ಆಸಾಮಿ. ನಾನು ಕೇಳದೆಯೇ ಅವನು ಆಡಿದ್ದು ಒಂದೇ ಮಾತು, ಹದಿನಾರನೇ ವಯಸ್ಸಿಗೆ ಪೆಟ್ಟಿಗೆ ಹಿಡಿದವನು ಇವತ್ತಿನವರೆಗೆ ಒಂದು ಬಟ್ಟೆ ಸುಟ್ಟಿಲ್ಲ ಎಂದು. ಅವನ ತಂಗಿ, ಗುಬ್ಬಿಯ ಸೋದರತ್ತೆ, ಬಟ್ಟೆಗೆ ಗಂಜಿ ಹಾಕುವ ತೊಟ್ಟಿಯ ಬಳಿ. ಬೀದಿಯವರು ಅವಳನ್ನು ಗಂಜಿ ಅತ್ತೆ ಎನ್ನುತ್ತಾರೆ. ಕೆಲಸಕ್ಕಿಂತ ಹೆಚ್ಚಾಗಿ ಮಾತಿನ ಬಿರುಸಿಗೆ ಬಂದ ಹೆಸರು ಅದು.

"ಅತ್ತಿಗೆ ಹೋಟೆಲಿಗೆ ಬಟ್ಟೆ ಸಾಗಿಸೋ ದಿನ ಬೆಳಕು ಹರಿಯೋ ಮುಂಚೆ ವ್ಯಾನು ಹತ್ತುತ್ತಾಳೆ" ಎಂದಳು ಗಂಜಿ ಅತ್ತೆ. "ಅವತ್ತೆಲ್ಲ ಮಗು ಇವಳ ಕೈಲಿ. ಅವತ್ತೇ ಹೀಗಾಗೋದು. ಎರಡೂ ಕೂಡ್ಸೋಕೆ ಪತ್ತೇದಾರರು ಬೇಕಾ?"

"ಆ ದಿನ ಬೆಳಗಿನ ಹನಿ ಯಾರು ಹಾಕೋದು?"

"ನಾನು. ಆಯಾಗೆ ಕೂಸಿನ ಕಣ್ಣು ಮುಟ್ಟೋಕೆ ಭಯ. ಅಮ್ಮಂಗೆ ಹಾಕ್ತಾಳೆ, ಗುಬ್ಬಿಗೆ ಹಾಕಲ್ಲ."

ಸಾಹೇಬ ಮುಖ ಸಿಂಡರಿಸಿದ. ಹನಿಯ ವಿಷಯ ಆಸ್ಪತ್ರೆಯವರಿಗೂ ಗೊತ್ತು, ಅಲ್ಲಿಯೂ ದಿನಾ ಅದೇ ಹೆಸರಿನ ಹನಿ ಹಾಕುತ್ತಾರೆ ಎಂದ. ಗಂಜಿ ಅತ್ತೆ ಆ ಮಾತನ್ನು ಹಿಡಿದುಕೊಂಡಳು. ಹನಿಯಿಂದ ಆಗುವುದಾದರೆ ಆಸ್ಪತ್ರೆಯಲ್ಲಿ ಮಗು ಹೇಗೆ ನಗುತ್ತದೆ? ಮಾತು ನ್ಯಾಯವಾಗಿತ್ತು. ಉತ್ತರ ಹೊಳೆಯದಿದ್ದಾಗ ನಾನು ಕೈಕೆಲಸ ನೋಡುತ್ತೇನೆ. ಬಾಯಿ ಸುಳ್ಳು ಹೇಳಬಹುದು, ರೂಢಿಯಾದ ಕೈ ಹೇಳುವುದಿಲ್ಲ.

"ಒಂದು ಸಲ ಹಾಕಿ ತೋರಿಸಿ" ಎಂದೆ.

ಅವಳು ಫ್ರಿಜ್ಜು ತೆರೆದು ಹಳದಿ ಮುಚ್ಚಳದ ಬಾಟಲಿ ತಂದಳು. ನಾನು ಅವಳ ಅಣ್ಣನ ಅಟ್ಟಿಯಿಂದ ಒಂದು ಬಿಳಿ ನ್ಯಾಪ್ಕಿನ್ ಎಳೆದು ಮೇಜಿನ ಮೇಲೆ ಹಾಸಿದೆ. ಇದೇ ಮಗುವಿನ ಕಣ್ಣು ಎಂದುಕೊಳ್ಳಿ ಎಂದೆ.

ಅವಳು ಬಾಟಲಿ ಬಗ್ಗಿಸಿ ಒತ್ತಿದಳು. ಮತ್ತೊಮ್ಮೆ ಒತ್ತಿದಳು. ಟಪ್, ಟಪ್. ಪಕ್ಕಕ್ಕೆ ಸರಿಸಿ, ಎರಡನೇ ಕಣ್ಣೆಂದು, ಮತ್ತೆ ಟಪ್, ಟಪ್. ಮುಚ್ಚಳ ತಿರುಗಿಸಿ, ಕೈ ಒರೆಸಿಕೊಂಡಳು.

"ಒಂದು ಕಣ್ಣಿಗೆ ಎರಡು ಹನಿ ಯಾಕೆ?"

"ಎರಡು ಒತ್ತು ಅಂತ ತಾನೇ ಹೇಳಿರೋದು?"

"ಯಾರು?"

"ಅಮ್ಮ. ಡಾಕ್ಟರಮ್ಮ ಅತ್ತಿಗೆಗೆ ಹೇಳಿದ್ದು, ಅತ್ತಿಗೆ ಅಮ್ಮಂಗೆ ಹೇಳಿದ್ದು, ಅಮ್ಮ ನಂಗೆ ಹೇಳಿದ್ದು. ಎರಡು ಒತ್ತು. ಕಾಲರಿಗೆ ಎರಡು ಒತ್ತು, ತೋಳಿಗೆ ಒಂದು ಒತ್ತು. ಒತ್ತೋದು ನಮಗೆ ಹೇಳ್ಕೊಡ್ಬೇಕಾ?"

ಬೆಳಿಗ್ಗೆ ಇದೇ ಮಾತನ್ನು ಇದೇ ಕಿವಿಯಿಂದ ಕೇಳಿದ್ದೆ. ನನಗೆ ಅದು ಎರಡು ಹೊತ್ತು ಎಂದು ಕೇಳಿಸಿತ್ತು. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ. ಹಗಲೆಲ್ಲ ಇಸ್ತ್ರಿ ಒತ್ತುವ ಮನೆಯ ಮಗಳಿಗೆ ಅದು ಇನ್ನೇನು ಕೇಳಿಸೀತು? ಒಂದು ಹಕಾರ ಅಜ್ಜಿಯ ನಾಲಿಗೆಯಲ್ಲಿ ಉದುರಿ, ಕೂಸಿನ ಕಣ್ಣಿನಲ್ಲಿ ಇನ್ನೊಂದು ಹನಿಯಾಗಿ ಬಿದ್ದಿತ್ತು.

"ಅದು ಹೊತ್ತು ಕಣಮ್ಮ" ಎಂದೆ. "ಎರಡು ಹೊತ್ತು."

ಗಂಜಿ ಅತ್ತೆ ತನ್ನ ಬೆರಳುಗಳನ್ನೇ ನೋಡುತ್ತ ನಿಂತಳು, ಆಮೇಲೆ ಗಂಜಿ ತೊಟ್ಟಿಯ ಅಂಚಿನ ಮೇಲೆ ಕುಸಿದು ಕೂತಳು.

ಸಾಹೇಬ ನಂಬಲಿಲ್ಲ. "ಕಣ್ಣಿಗೆ ಹಾಕಿದ ಒಂದು ಹನಿ ಹೆಚ್ಚಾದ್ರೆ ಉಸಿರು ನಿಲ್ಲುತ್ತಾ ಮೇಡಂ? ಕಣ್ಣೆಲ್ಲಿ, ಉಸಿರೆಲ್ಲಿ?"

ನನಗೂ ಅದೇ ಅನುಮಾನ. ಕಣ್ಣಿನ ಡಾಕ್ಟರಮ್ಮನಿಗೆ ಫೋನು ಮಾಡಿ, ಎಲ್ಲರಿಗೂ ಕೇಳಲಿ ಎಂದು ಧ್ವನಿ ದೊಡ್ಡದು ಮಾಡಿ ಮೇಜಿನ ಮೇಲಿಟ್ಟೆ. ಗುಬ್ಬಿಗೂ ಅಜ್ಜಿಗೂ ಔಷಧಿ ಬರೆದವರು ಅವರೇ. ಎರಡು ಒತ್ತಿನ ಕಥೆ ಹೇಳಿದೆ.

ಆಮೇಲೆ ಅವರು ಹೇಳಿದ್ದನ್ನು ನಾನು ಸಾಯುವವರೆಗೆ ಮರೆಯಲಾರೆ. ಕಣ್ಣಿನ ಒಳಮೂಲೆಯಲ್ಲಿ, ಮೂಗಿನ ಪಕ್ಕ, ಸೂಜಿಮೊನೆಯಷ್ಟು ಒಂದು ತೂತಿದೆ. ನಾವು ಅತ್ತಾಗ ಮೂಗು ಸೋರುವುದು ಆ ದಾರಿಯಿಂದಲೇ. ಕಣ್ಣಿಗೆ ಹಾಕಿದ ಹನಿಯಲ್ಲಿ ಬಹುಪಾಲು ಅಲ್ಲಿ ಇಳಿದು ಮೂಗು ಸೇರಿ, ಅಲ್ಲಿಂದ ನೇರ ರಕ್ತಕ್ಕೆ ಹೋಗುತ್ತದೆ. ಹೊಟ್ಟೆಗೆ ಹೋದ ಔಷಧಿಯನ್ನು ಸೋಸಿ ಕಳಿಸಲು ಯಕೃತ್ತಿದೆ, ಈ ದಾರಿಗೆ ಕಾವಲುಗಾರನೇ ಇಲ್ಲ. ಬಾಟಲಿಯ ಹನಿ ದೊಡ್ಡವರಿಗೂ ಅಷ್ಟೇ, ಕೂಸಿಗೂ ಅಷ್ಟೇ. ಕೂಸಿನ ಮೈಯಲ್ಲಿ ರಕ್ತವೇ ಸ್ವಲ್ಪ. ಅದಕ್ಕೇ ಹನಿ ಹಾಕಿದ ಮೇಲೆ ಆ ಮೂಲೆಯನ್ನು ಬೆರಳಿನಿಂದ ಮೆತ್ತಗೆ ಒತ್ತಿ ಹಿಡಿಯಬೇಕು, ತೂತು ಮುಚ್ಚಲಿ ಎಂದು. ತಾಯಿಗೆ ಅದನ್ನು ಕೈ ಹಿಡಿದು ಕಲಿಸಿದ್ದರಂತೆ.

ಒತ್ತಬೇಕಾದದ್ದು ಅಲ್ಲಿ, ಮೂಲೆಯಲ್ಲಿ. ಇಲ್ಲಿ ಒತ್ತಿದ್ದು ಬಾಟಲಿಯನ್ನು.

ನಾನು ಅರಿವಿಲ್ಲದೆ ನನ್ನ ಕಣ್ಣಿನ ಮೂಲೆ ಮುಟ್ಟಿ ನೋಡಿಕೊಂಡೆ. ಮೀಸೆ ಸಾಹೇಬನ ಬೆರಳೂ ಅವನ ಮೂಗಿನ ಪಕ್ಕದಲ್ಲಿತ್ತು. ಐವತ್ತು ವರ್ಷ ಈ ಮುಖ ಹೊತ್ತು ತಿರುಗಿದ್ದೇನೆ, ಅದರಲ್ಲೊಂದು ಬಾಗಿಲಿದೆ, ಅದು ನೇರ ಎದೆಗೆ ತೆರೆಯುತ್ತದೆ ಎಂದು ಯಾರೂ ಹೇಳಿರಲಿಲ್ಲ. ಮೈ ಎಂಬುದು ಎಂಥ ಮನೆ! ಅದರ ಮುಂದೆ ನನ್ನ ಪತ್ತೇದಾರಿಕೆ ಎಷ್ಟರದು?

ಸಾಹೇಬ ಮಾತ್ರೆಯ ಪಟ್ಟಿಯನ್ನು ಆಯಾಳ ಚೀಲಕ್ಕೆ ಹಾಕಿ ಅವಳಿಗೆ ಕೊಟ್ಟ. ಆಯಾ ಚೀಲ ಎದೆಗೊತ್ತಿಕೊಂಡು ಒಂದು ನಿಟ್ಟುಸಿರು ಬಿಟ್ಟಳು. ಗುಬ್ಬಿ ಬರೋದ್ರೊಳಗೆ ಅಜ್ಜಿ ಕೆಲಸ ಮುಗಿಸ್ತೀನಿ ಎಂದು ಫ್ರಿಜ್ಜಿನ ಕಡೆ ಹೋದವಳು ಮೆಟ್ಟಿಲು ಹತ್ತಿದಳು. ಅವಳ ಹೆಜ್ಜೆ ಹಗುರವಾಗಿತ್ತು. ನನಗೂ ಸಂತೋಷವಾಯಿತು.

ಡಾಕ್ಟರಮ್ಮ ಮಾತ್ರ ಫೋನು ಇಟ್ಟಿರಲಿಲ್ಲ.

"ಒಂದು ವಿಷಯ ಕೂಡಿ ಬರ್ತಿಲ್ಲ" ಎಂದರು. "ಹಳದಿ ಮುಚ್ಚಳದ್ದು ಹೆಚ್ಚಾದ್ರೆ ನಾಡಿ ನಿಧಾನ ಆಗುತ್ತೆ, ಎದೆ ಬಿಗಿಯುತ್ತೆ. ಉಸಿರೂ ಕಟ್ಟಬಹುದು, ಇಲ್ಲ ಅನ್ನಲ್ಲ. ಆದ್ರೆ ಹೀಗೆ ನಿದ್ದೆ ಹೋಗೋದು, ಬಟ್ಟೆ ಥರ ಜೋಲೋದು, ಮೈ ತಣ್ಣಗಾಗೋದು, ಅದು ಇನ್ನೊಂದು ಹನಿ ಮಾಡೋ ಕೆಲಸ. ಅದು ಕೂಸುಗಳ ಮಿದುಳಿಗೇ ಇಳಿದುಬಿಡುತ್ತೆ. ಎರಡು ವರ್ಷದೊಳಗಿನ ಮಕ್ಕಳಿಗೆ ನಾವು ಅದನ್ನ ಬರೆಯೋದೇ ಇಲ್ಲ."

"ಯಾವ ಹನಿ?"

"ಮೊದಲು ಇದು ಹೇಳಿ. ಆ ಬಟ್ಟೆ ಮೇಲೆ ಬಿದ್ದಿರೋದಕ್ಕೆ ಬಣ್ಣ ಇದೆಯಾ? ನಾನು ಗುಬ್ಬಿಗೆ ಬರೆದಿದ್ದು ನೀರಿನ ಹಾಗಿರುತ್ತೆ."

ನ್ಯಾಪ್ಕಿನ್ನನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಇಸ್ತ್ರಿ ಮನೆಯ ಬಿಳಿ, ಅದರಲ್ಲಿ ಏನೂ ಅಡಗುವುದಿಲ್ಲ. ಹನಿ ಬಿದ್ದ ಕಡೆಯೆಲ್ಲ ತೆಳ್ಳಗೆ ಒಂದು ಬಣ್ಣ ಇತ್ತು, ಹಸಿರಿಗೂ ಹಳದಿಗೂ ನಡುವಿನದು.

ಹೇಳಿದೆ.

"ಅದು ಅಜ್ಜಿಯ ಔಷಧಿ" ಎಂದರು ಡಾಕ್ಟರಮ್ಮ. "ನೇರಳೆ ಮುಚ್ಚಳದ್ದು."

ನಾನು ಮೇಜಿನಿಂದ ಎತ್ತಿಕೊಂಡ ಬಾಟಲಿಗೆ ಹಳದಿ ಮುಚ್ಚಳವಿತ್ತು. ಯಾರೋ ಮುಚ್ಚಳಗಳನ್ನು ಅದಲುಬದಲು ಮಾಡಿದ್ದರು. ಚೀಟಿಯಿಲ್ಲದ ಬಾಟಲಿಗಳು, ಎರಡು ಸಲ ತಿರುಗಿಸಿದರೆ ಮುಗಿಯಿತು. ತಾಯಿ ಹಾಕಿದ ದಿನ ಒಂದೇ ಹನಿ, ಮೂಲೆ ಒತ್ತಿ ಹಿಡಿದದ್ದು, ಹಾಗಾಗಿ ಕೂಸು ಬರೀ ಮಂಕಾಗಿ ತೂಕಡಿಸಿರಬೇಕು. ಅತ್ತೆ ಹಾಕಿದ ದಿನ ಎರಡೆರಡು ಹನಿ, ತೆರೆದ ಬಾಗಿಲು. ಆಸ್ಪತ್ರೆಯವರದು ಅವರದೇ ಬಾಟಲಿ, ಅಲ್ಲಿ ನಗು. ಗಂಜಿ ಅತ್ತೆಯ ಪ್ರಶ್ನೆಗೆ ಉತ್ತರ ಸಿಕ್ಕಿತು.

ಬಾಟಲಿಯನ್ನು ಕೈಯಿಂದ ಬಿಡದೆ ಹಿಡಿದುಕೊಂಡೆ. ಗುಬ್ಬಿ ಉಳಿದಳು. ಅವಳು ಮನೆಗೆ ಬರಬಹುದು. ಬೆಳಗಿನಿಂದ ಎದೆಯ ಮೇಲಿದ್ದ ಕಲ್ಲು ಇಳಿಯಿತು.

ಅದು ಇಳಿಯುತ್ತಲೇ ಇನ್ನೊಂದು ಯೋಚನೆ ಬಂತು. ಗುಬ್ಬಿಗೆ ಅಜ್ಜಿಯ ಹನಿ ಬಿದ್ದಿದ್ದರೆ, ಇಷ್ಟು ದಿನ ಅಜ್ಜಿಗೆ ಬಿದ್ದದ್ದು ಗುಬ್ಬಿಯ ಹನಿ.

"ಡಾಕ್ಟರೇ, ಅಜ್ಜಿಗೂ ಗುಬ್ಬಿಯ ಹನಿಯನ್ನೇ ಯಾಕೆ ಬರೀಲಿಲ್ಲ?"

"ಅವರಿಗೆ ಉಬ್ಬಸ ಇದೆಯಲ್ಲ" ಎಂದರು. "ಉಬ್ಬಸ ಇರೋರಿಗೆ ಅದು ಯಮ. ಶ್ವಾಸನಾಳ ಮುಚ್ಚಿಬಿಡುತ್ತೆ. ತಪ್ಪಿಯೂ ಎರಡು ಬಾಟಲಿ ಬೆರಕೆ ಆಗಬಾರದು ಅಂತ ಹೇಳಿ ಕಳಿಸಿದ್ದೆ."

ಹೆಚ್ಚಾದ ಉಬ್ಬಸ. ಎರಡು ಮೂರು ವಾರ. ಗುಬ್ಬಿ ಮೊದಲ ಸಲ ತಣ್ಣಗಾದ ವಾರವೂ ಅದೇ. ಎಲ್ಲರೂ ಹಬೆಯನ್ನು ಬೈದುಕೊಂಡು ಸುಮ್ಮನಿದ್ದರು. ಮುಚ್ಚಳ ಬದಲಿಸಿದವರ ಗುರಿ ತೊಟ್ಟಿಲ ಕಡೆ ಇರಲೇ ಇಲ್ಲ.

ಫ್ರಿಜ್ಜಿನ ಬಾಗಿಲು ತೆರೆದು ನೋಡಿದೆ. ನೇರಳೆ ಮುಚ್ಚಳದ ಬಾಟಲಿ ಅಲ್ಲಿರಲಿಲ್ಲ. ಆಯಾ ಅದನ್ನು ತೆಗೆದುಕೊಂಡು ನನ್ನ ಕಣ್ಣೆದುರೇ ಮೇಲೆ ಹೋಗಿದ್ದಳು.

"ಸಾಹೇಬ, ಓಡು. ಹನಿ ಹಾಕೋಕೆ ಬಿಡಬೇಡ" ಎಂದೆ. ಅವನು ಎರಡೆರಡು ಮೆಟ್ಟಿಲು ಹಾರಿದ.

ನಾನು ಫೋನಿಗೆ ಬಗ್ಗಿದೆ. ಕೇಳಬೇಕಾದ್ದು ಒಂದೇ ಪ್ರಶ್ನೆ ಉಳಿದಿತ್ತು. "ಬೆರಕೆ ಆಗಬಾರದು ಅಂತ ನೀವು ಹೇಳಿದ್ದು ಯಾರಿಗೆ?"

"ಅಜ್ಜಿನ ಕರ್ಕೊಂಡು ಬಂದೋರಿಗೆ. ಅವರ ಮಗನಿಗೆ."

ಬಾಗಿಲಲ್ಲಿ ವ್ಯಾನು ನಿಂತ ಸದ್ದಾಯಿತು. ತಾಯಿ ಒಳಗೆ ಬಂದಳು, ಸೊಂಟದ ಮೇಲೆ ಗುಬ್ಬಿ. ಆ ದೊಡ್ಡ ಕಣ್ಣುಗಳು ಹಬೆಯ ನಡುವೆ ಅಪ್ಪನನ್ನು ಹುಡುಕಿ ಹಿಡಿದವು. ಗುಬ್ಬಿ ಎರಡೂ ಕೈ ಚಾಚಿ ಕೇಕೆ ಹಾಕಿದಳು. ಎಂಥ ನಗು ಅದು, ಮೂರು ಸಲ ಹೋಗಿ ಬಂದ ಜೀವದ ನಗು.

ಆಗ ಗಮನಿಸಿದೆ. ಮೇಲಿನಿಂದ ಬೆಳಗಿನಿಂದ ಬರುತ್ತಿದ್ದ ಸುಂಯ್ ಸುಂಯ್ ನಿಂತಿತ್ತು.

"ಮೇಡಂ" ಎಂದ ಸಾಹೇಬ ಮೆಟ್ಟಿಲ ತುದಿಯಿಂದ. ಅವನ ಹಿಂದೆ ಆಯಾ ನಿಂತಿದ್ದಳು, ಕೈಯಲ್ಲಿ ನೇರಳೆ ಮುಚ್ಚಳ. "ಅಜ್ಜಿಗೆ ಈಗ್ತಾನೇ ಕಣ್ಣು ಹತ್ತಿತು ಅಂತಿದಾಳೆ ಇವಳು. ಎಬ್ಬಿಸಿದ್ರೆ ಏಳ್ತಿಲ್ಲ."

ಗಂಜಿ ಅತ್ತೆ ಅಮ್ಮಾ ಎನ್ನುತ್ತ ಮೆಟ್ಟಿಲ ಕಡೆ ಓಡಿದಳು. ತಾಯಿ ಏನೂ ತಿಳಿಯದೆ ಹಲಗೆಯತ್ತ ತಲೆ ಎತ್ತಿದಳು. ಯಜಮಾನ ಮಾತ್ರ ಮೇಲೆ ನೋಡಲಿಲ್ಲ. ನನ್ನ ಕೈಯಲ್ಲಿದ್ದ ಹಳದಿ ಮುಚ್ಚಳ ನೋಡಿದ, ಆಮೇಲೆ ತನ್ನ ಕಡೆ ಚಾಚಿದ್ದ ಮಗಳ ಕೈಗಳನ್ನು ನೋಡಿದ. ಒಂದು ಲೆಕ್ಕ ಈಗಷ್ಟೇ ತಲೆಗೆ ಹೋದವನ ಮುಖ ಅದು.

ಅವನ ಪೆಟ್ಟಿಗೆ ಬಿಳಿ ನ್ಯಾಪ್ಕಿನ್ನಿನ ಮೇಲೆ ನಿಂತಲ್ಲೇ ನಿಂತಿತ್ತು. ಅಂಗಡಿಯ ತುಂಬ ಬಟ್ಟೆ ಸುಟ್ಟ ವಾಸನೆ ಹರಡಿತು. ಅವನು ಅದನ್ನು ಎತ್ತಲಿಲ್ಲ.